ಸ್ಪಷ್ಟನೆ: ಆಯಿಲ್ ಇಳಿದ ಮಾತ್ರಕ್ಕೆ ಆರ್‌ಎಕ್ಸ್-7 ಎಂಜಿನ್ ಕೆಟ್ಟಿಲ್ಲ

ಹಳೆಯ ಮಾಜ್ದಾ ಆರ್‌ಎಕ್ಸ್-7 ಬಗ್ಗೆ ಒಂದು ಮಾತು ಹರಿದಾಡುತ್ತಿದೆ: 'ಆಯಿಲ್ ಕಡಿಮೆಯಾಗುತ್ತಿದ್ದರೆ ಎಂಜಿನ್ ಮುಗಿಯಿತು. ಆಯಿಲ್ ಮೀಟರಿಂಗ್ ಪಂಪ್ ಬಂದ್ ಮಾಡಿದರೆ ಸರಿಹೋಗುತ್ತದೆ.' ಎರಡೂ ತಪ್ಪು. ಎರಡನೆಯದಂತೂ ಒಳ್ಳೆಯ ಎಂಜಿನ್ನನ್ನೇ ಹಾಳು ಮಾಡುತ್ತದೆ.

1978ರಲ್ಲಿ ಬಂದ ಈ ಕಾರಿನಲ್ಲಿರುವುದು ರೋಟರಿ ಎಂಜಿನ್. ಪಿಸ್ಟನ್ ಇಲ್ಲ, ಮೂರು ಮೂಲೆಯ ರೋಟರ್ ತಿರುಗುತ್ತದೆ. ಪ್ರತಿ ಮೂಲೆಯಲ್ಲೂ ಗಾಳಿ ಸೋರದಂತೆ ತಡೆಯುವ ಒಂದು ಅಪೆಕ್ಸ್ ಸೀಲ್ ಇದೆ. ಅದು ಹೌಸಿಂಗ್ (ರೋಟರ್ ಸುತ್ತಲಿನ ಕವಚ) ಗೋಡೆಗೆ ಸದಾ ಉಜ್ಜುತ್ತಲೇ ಇರುತ್ತದೆ. ಅದಕ್ಕೆ ಜಿಡ್ಡು ಸಿಗಲಿ ಅಂತಲೇ ಪಂಪ್ ಸ್ವಲ್ಪ ಸ್ವಲ್ಪ ಆಯಿಲ್ ಒಳಗೆ ಬಿಡುತ್ತದೆ. ಅದು ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ಅಂದಮೇಲೆ ಮಟ್ಟ ಇಳಿಯಲೇಬೇಕು ಅಲ್ವಾ? ಒಂಚೂರೂ ಇಳಿಯದಿದ್ದರೇ ಪಂಪ್ ಪರೀಕ್ಷಿಸಬೇಕು. ಪಂಪ್ ತೆಗೆಯುವವರೂ ಇದ್ದಾರೆ ನಿಜ, ಆದರೆ ಅವರು ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಿಯೇ ಓಡಿಸುತ್ತಾರೆ. ಸುಮ್ನೆ ಬಂದ್ ಮಾಡಿದರೆ ಸೀಲ್ ಸವೆಯುತ್ತದೆ.

ಎಂಜಿನ್ ಸ್ಥಿತಿ ತಿಳಿಯಲು ಕಂಪ್ರೆಶನ್, ಅಂದರೆ ಎಂಜಿನ್ ಒಳಗೆ ಹುಟ್ಟುವ ಒತ್ತಡ, ನೋಡಿ. ಮಾಮೂಲಿ ಗೇಜ್ ರೋಟರಿನ ಮೂರು ಮುಖಗಳಲ್ಲಿ ಜಾಸ್ತಿ ಬಂದದ್ದನ್ನಷ್ಟೇ ಹಿಡಿದು ತೋರಿಸುತ್ತದೆ. ಅದರ ವಾಲ್ವ್ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ, ಮುಳ್ಳು ನೋಡಿ. ಮೂರು ಜಿಗಿತವೂ ಒಂದೇ ಸಮ, ಜೋರಾಗಿಯೂ ಇದ್ದರೆ ಸೀಲ್‌ಗಳ ಬಗ್ಗೆ ಗಾಬರಿ ಬೇಡ. ಒಂದು ಜಿಗಿತ ಸತ್ತಂತಿದ್ದರೆ, ಇಲ್ಲವೇ ಮೂರೂ ತೀರಾ ಕಡಿಮೆ ಇದ್ದರೆ ಮಾತ್ರ ಎಂಜಿನ್ ಬಿಚ್ಚುವ ಮಾತು. ಇಂಧನ, ಇಗ್ನಿಷನ್ ಎರಡನ್ನೂ ಮೊದಲೇ ಕಡಿತ ಮಾಡಿಕೊಳ್ಳಿ.

ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಅದು ಬೇರೆ ಸಮಸ್ಯೆ. ಹೆಚ್ಚಾಗಿ ರೋಟರ್ ಪಕ್ಕದ ಆಯಿಲ್ ಸೀಲ್‌ಗಳು ಹೋಗಿರುತ್ತವೆ.