ಅವಂಗ ಎಲ್ಲಾ ತಿಳೀತೈತಿ

ಇವತ್ತಿಗೆ ಮೂರು ದಿನ. ನಮ್ಮ ವಾಷಿಂಗ್ ಮಷೀನ್ ಇನ್ನೂ ಕೋಳಿ ಲಿವರ್ ನಾರುತ್ತಿದೆ. ನಿಂಬೆಹಣ್ಣು ಹಾಕಿ ತಿರುಗಿಸಿದೆ. ಅಡುಗೆ ಸೋಡಾ ಹಾಕಿ ತಿರುಗಿಸಿದೆ. ಬಿಸಿನೀರು ಬಿಟ್ಟು ಖಾಲಿ ಮಷೀನ್ ಓಡಿಸಿದೆ. ಈಗ ನಿಂಬೆಹಣ್ಣು ಹಿಂಡಿದ ಲಿವರ್ ನಾರುತ್ತಿದೆ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ ಅನ್ನುವುದನ್ನು ಬೇರೆ ಹೇಳಬೇಕು.

ಭಾನುವಾರ ಡಾಗ್ ಶೋದಿಂದ ಬಂದವಳೇ ಜೇಬು ನೋಡದೆ ಕುರ್ತಾ ಮಷೀನಿಗೆ ಹಾಕಿದ್ದು ನನ್ನ ತಪ್ಪು. ಆದರೆ ನನ್ನ ಜೇಬಿಗೆ ಲಿವರ್ ಬಂದದ್ದು ಯಾರಿಂದ? ಅದನ್ನು ಯಾರೂ ಕೇಳುವುದಿಲ್ಲ.

ಗುಂಡ ಮುಧೋಳ ನಾಯಿ. ಹನ್ನೊಂದು ತಿಂಗಳು. ಈ ನಾಯಿ ನೋಡಿದವರಿಗೆ ಗೊತ್ತು, ಬರೀ ಕಾಲು, ಪಕ್ಕೆಲುಬು, ಒಂದು ಉದ್ದ ಮೂತಿ. ಅಂಥದ್ದಕ್ಕೆ ಗುಂಡ ಅಂತ ಹೆಸರಿಟ್ಟವರು ನನ್ನ ಗಂಡ. ಪುಣೆಯ ಸಹಕಾರನಗರದ ನಮ್ಮ ಓಣಿಯಲ್ಲಿ ಅವನನ್ನು ಕರೆದುಕೊಂಡು ಹೊರಟರೆ ದಿನಕ್ಕೊಬ್ಬರಾದರೂ ತಡೆದು, "ಕುತ್ರ್ಯಾಲಾ ಖಾಯಲಾ ದೇತ ನಾಹೀ ಕಾ?" ಅನ್ನುತ್ತಾರೆ. ನಾಯಿಗೆ ತಿನ್ನೋಕೆ ಕೊಡೋದಿಲ್ವಾ ಅಂತ. ಆಮೇಲೆ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡುತ್ತಾರೆ. ನಾಯಿಯ ಪಾಲು ಎಲ್ಲಿಗೆ ಹೋಗುತ್ತಿದೆ ಅಂತ ಪತ್ತೆ ಆದ ಹಾಗೆ.

ಗಂಡನ ಊರು ಮುಧೋಳದ ಹತ್ತಿರ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಿತ್ತು. ಅದರಲ್ಲಿನ ಮುಧೋಳ ನಾಯಿ ಇವತ್ತಿಗೂ ಇವರ ಪಾಕೀಟಿನಲ್ಲಿದೆ. ನನ್ನ ಫೋಟೋ ಇಲ್ಲ. ಮುಧೋಳದ ಘೋರ್ಪಡೆ ರಾಜರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ನಾಯಿ ಕಾಣಿಕೆ ಕೊಟ್ಟರಂತೆ. ಆ ಕಥೆಯನ್ನು ಸಿಲಿಂಡರ್ ತರುವವನಿಗೂ ಹೇಳಿ ಆಗಿದೆ. ಪಾಪ, ಅವನು ಕಥೆ ಮುಗಿಯುವ ತನಕ ಸಿಲಿಂಡರ್ ಹೆಗಲ ಮೇಲೆ ಹೊತ್ತೇ ನಿಂತಿದ್ದ. ಕೆನೆಲ್ ಕ್ಲಬ್ ಆಫ್ ಇಂಡಿಯಾದವರು ಈ ತಳಿಗೆ ಕಾರವಾನ್ ಹೌಂಡ್ ಅನ್ನುತ್ತಾರೆ. ಶೋ ಫಾರ್ಮ್ ತುಂಬುವಾಗ ಇವರು ಅದರ ಪಕ್ಕದಲ್ಲಿ ಮುಧೋಳ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ ಮಾತು. "ಅವಂಗ ಎಲ್ಲಾ ತಿಳೀತೈತಿ."

ಗುಂಡ ನನ್ನ ಚಪ್ಪಲಿ ಕಚ್ಚಿ ಚಿಂದಿ ಮಾಡಿದರೆ, "ಹಳೇವು ಆಗ್ಯಾವು, ಹೊಸಾವು ತಗೋ ಅಂತ ಹೇಳಾಕತ್ತಾನ. ಅವಂಗ ಎಲ್ಲಾ ತಿಳೀತೈತಿ." ಸೊಸೈಟಿ ಚೇರ್ಮನ್ನರ ಸ್ಕೂಟರ್‌ಗೆ ಕಾಲೆತ್ತಿದರೆ, "ಮಂದಿ ಎಂಥವರು ಅಂತ ಅವಂಗ ಎಲ್ಲಾ ತಿಳೀತೈತಿ." ಹಾಗಾಗಿ ಶೋಗೆ ಏನೂ ಕಲಿಸಬೇಕಾಗಿಲ್ಲ, ಸುಮ್ನೆ ಕರೆದುಕೊಂಡು ಹೋದರೆ ಸಾಕು ಅಂತ ಇವರ ವಾದ. ಈ ಮಾತು ಹೊಸದೂ ಅಲ್ಲ. ಮಗ ಚಿಕ್ಕವನಿದ್ದಾಗ ಅವನ ಬಗ್ಗೆಯೂ ಇದನ್ನೇ ಹೇಳುತ್ತಿದ್ದರು. ಒಂಬತ್ತನೇ ಕ್ಲಾಸಿನ ಗಣಿತದ ಪೇಪರ್ ಕೈಗೆ ಬರುವ ತನಕ.

ಹಿಂದಿನ ಬೀದಿಯಲ್ಲಿ ಒಬ್ಬರು ಕಾಕು, ಅಂದರೆ ಆಂಟಿ. ತಮ್ಮ ಲ್ಯಾಬ್ರಡಾರ್‌ಗಳನ್ನು ಶೋಗಳಿಗೆ ಕರೆದುಕೊಂಡು ಹೋಗಿ ಪಳಗಿದವರು. ಅವರು ಹೇಳಿದ ಮೇಲೆ ಗೊತ್ತಾಯಿತು, ಇದು ಮದುವೆ ಮಾಡಿದಷ್ಟೇ ಕೆಲಸ ಅಂತ. ಮೊದಲು ಮೈಕ್ರೋಚಿಪ್. ಅಕ್ಕಿಕಾಳಿನಷ್ಟು ಇರುತ್ತದೆ, ಚರ್ಮದ ಕೆಳಗೆ ಚುಚ್ಚುತ್ತಾರೆ. ಅದರ ನಂಬರ್‌ಗೆ 15 ಅಂಕಿ. ನಮ್ಮ ಆಧಾರ್‌ಗೆ 12. ಗುಂಡ ನಮಗಿಂತ ಮೂರು ಅಂಕಿ ಮೇಲೆ. ಆಮೇಲೆ ಸ್ಟ್ಯಾಕ್, ಅಂದರೆ ನಾಲ್ಕೂ ಕಾಲು ನೆಟ್ಟಗೆ ಊರಿ, ಕತ್ತೆತ್ತಿ, ಕಲ್ಲಿನ ಹಾಗೆ ನಿಲ್ಲುವುದು. ಆಮೇಲೆ ತ್ರಿಕೋನದಲ್ಲಿ ಓಟ, ನಾಯಿ ಎಡಗಡೆ. ಇವರಿಗೆ ಮೊಣಕಾಲು ನೋವು, ಹಾಗಾಗಿ ಓಡುವವಳು ನಾನು. ಪಾರ್ಕಿಂಗ್‌ನಲ್ಲಿ ಅಭ್ಯಾಸ ಶುರು ಮಾಡಿದ ನಾಲ್ಕನೇ ದಿನ ಗೋಡೆಯ ಮೇಲೆ ಮರಾಠಿಯಲ್ಲಿ ಒಂದು ಬೋರ್ಡ್ ಬಂತು. "ಈ ಜಾಗ ವಾಹನಗಳಿಗೆ. ಓಡಲು ಗುಡ್ಡ ಇದೆ. ನಾಯಿಗೂ, ಮಾಲೀಕರಿಗೂ." ಪುಣೆಯವರು ಜಗಳ ಆಡುವುದಿಲ್ಲ, ಬೋರ್ಡ್ ಬರೆಯುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ಹಲ್ಲು. ಜಡ್ಜ್ ತುಟಿ ಸರಿಸಿ, ಮೇಲಿನ ಹಲ್ಲು ಕೆಳಗಿನದಕ್ಕೆ ಕತ್ತರಿಯ ಹಾಗೆ ಕೂರುತ್ತದಾ ಅಂತ ನೋಡುತ್ತಾರೆ. ಮುಧೋಳ ನಾಯಿಗೆ ಗುರುತಿಲ್ಲದವರು ಮುಟ್ಟಿದರೆ ಆಗುವುದಿಲ್ಲ. ಅಭ್ಯಾಸ ಆಗಲಿ ಅಂತ ಮನೆಗೆ ಬಂದವರಿಂದೆಲ್ಲ ಹಲ್ಲು ನೋಡಿಸಲು ಶುರು ಮಾಡಿದೆವು. ಹಾಲಿನವನು ನೋಡಿದ. ಲಿಫ್ಟ್ ರಿಪೇರಿಯವನು ನೋಡಿದ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕರೆಯಲು ಬಂದ ದಂಪತಿ ಕೈಯಲ್ಲಿ ಆಮಂತ್ರಣ ಹಿಡಿದುಕೊಂಡೇ ಬಗ್ಗಿ ನೋಡಿದರು. ಪಾರ್ಸೆಲ್ ತಂದ ಹುಡುಗ ಓಟಿಪಿ ಕೇಳಿದ. ಇವರು, "ಕೊಡ್ತೀನಿ, ಮೊದಲು ಇವನ ಹಲ್ಲು ನೋಡು" ಅಂದರು. ಈಗ ಆ ಹುಡುಗ ನಮ್ಮ ಪಾರ್ಸೆಲ್‌ಗಳನ್ನು ವಾಚ್‌ಮನ್ ಹತ್ತಿರವೇ ಬಿಟ್ಟು ಹೋಗುತ್ತಾನೆ. ಗಂಡುನಾಯಿಗೆ ಇನ್ನೊಂದು ತಪಾಸಣೆಯೂ ಇದೆ. ಎರಡೂ ಬೀಜ ಕೆಳಗೆ ಇಳಿದಿವೆಯಾ ಅಂತ ಜಡ್ಜ್ ಕೈಯಿಂದಲೇ ನೋಡುತ್ತಾರೆ. ಅದಕ್ಕೆ ಮಾತ್ರ ಯಾರನ್ನೂ ಕರೆಯಬೇಡಿ ಅಂತ ಇವರ ಕಾಲು ಹಿಡಿದುಕೊಂಡೆ.

ಇನ್ನು ಲಿವರ್. ರಿಂಗಿನಲ್ಲಿ ನಾಯಿಯ ಗಮನ ಹಿಡಿದಿಡಲು ಕೈಯಲ್ಲಿ ಬೇಯಿಸಿದ ಲಿವರ್ ಇರಬೇಕಂತೆ. ಗ್ಯಾಲರಿಯಲ್ಲಿ ಇಂಡಕ್ಷನ್ ಒಲೆ ಇಟ್ಟು, ಬಾಗಿಲು ಹಾಕಿಕೊಂಡು, ಹಳೇ ಪಾತ್ರೆಯಲ್ಲಿ ಕಳ್ಳಭಟ್ಟಿ ಕಾಯಿಸುವವಳ ಹಾಗೆ ಬೇಯಿಸಿದೆ. ಅತ್ತೆ ಸೆರಗು ಮೂಗಿಗೆ ಹಿಡಿದು ಬಂದರು.

"ಏನವಾ ಇದು ನಾತ?"

"ಔಷಧ ಅತ್ತೆ, ಗುಂಡನಿಗೆ."

ಮಾರನೇ ದಿನ ಮೆಲ್ಲಗೆ ಕೇಳಿದರು. "ಅದು ಮೊಣಕಾಲಿಗೆ ಹಚ್ಚಿದ್ರ ನಡೀತೈತೇನು?"

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋದರೆ ಅದು ನಾಯಿಗಳ ಬ್ಯೂಟಿ ಪಾರ್ಲರ್. ಒಂದು ಪೂಡಲ್‌ಗೆ ಇಬ್ಬರು ಸೇರಿ ಹೇರ್ ಡ್ರೈಯರ್ ಹಿಡಿದಿದ್ದರು. ಕೋಟು ಹಾಕಿದ ಹ್ಯಾಂಡ್ಲರ್‌ಗಳು. ನಾನು ಕುರ್ತಾ, ತೋಳಿಗೆ ನಂಬರ್, ಜೇಬಿನಲ್ಲಿ ಲಿವರ್. ಹಗ್ಗದ ಆಚೆ ನೀರಿನ ಬಾಟಲಿ ಹಿಡಿದು ಗಂಡ.

ನಮ್ಮ ಕ್ಲಾಸಿನಲ್ಲಿ ಮೂರೇ ಕಾರವಾನ್ ಹೌಂಡ್. ಉಳಿದೆರಡು ಅಂಚೆಚೀಟಿಯಿಂದ ಇಳಿದು ಬಂದ ಹಾಗೆ ನಿಂತಿದ್ದವು. ಆಶ್ಚರ್ಯ ಅಂದರೆ ಗುಂಡನೂ ನಿಂತ. ಒಂದು ನಿಮಿಷ ಪೂರ್ತಿ. ಹಿಂದಿನಿಂದ "ಹೇಳಿದ್ದಿಲ್ಲೇನು?" ಅಂತ ಕೇಳಿಸಿತು.

ಅಷ್ಟರಲ್ಲಿ ಯಾರೋ ವಡಾಪಾವ್ ತಿಂದು ಬಿಸಾಡಿದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಗಾಳಿಗೆ ಎದ್ದು ರಿಂಗಿನೊಳಗೆ ತೇಲಿ ಬಂತು. ಈ ಜಾತಿಯ ನಾಯಿ ಮೂಗಿನಿಂದ ಅಲ್ಲ, ಕಣ್ಣಿನಿಂದ ಬೇಟೆ ಆಡುವಂಥದ್ದು. ಬಯಲಿನಲ್ಲಿ ಮೊಲ ಎದ್ದದ್ದು ಕಂಡರೆ ಮುಗಿಯಿತು, ಲಿವರ್ ಅಲ್ಲ, ಹಬ್ಬದೂಟ ಹಿಡಿದು ನಿಂತರೂ ತಿರುಗಿ ನೋಡುವುದಿಲ್ಲ. ಗುಂಡನಿಗೆ ಆ ಬ್ಯಾಗೇ ಮೊಲ. ಅವನ ಹಗ್ಗ ನನ್ನ ಮುಂಗೈಗೆ ಎರಡು ಸುತ್ತು ಸುತ್ತಿತ್ತು. ಹಾಗೆ ಸುತ್ತಿಕೊಳ್ಳಬಾರದು ಅಂತ ಕಾಕು ಹೇಳಿದ್ದರು. ತ್ರಿಕೋನ ಓಡಬೇಕಿತ್ತು. ನಾವು ಓಡಿದ್ದಕ್ಕೆ ರೇಖಾಗಣಿತದಲ್ಲಿ ಹೆಸರಿಲ್ಲ. ಮೊದಲು ನಾನು ಓಡಿದೆ, ಆಮೇಲೆ ಹಾರಿದೆ, ಕೊನೆಗೆ ಕೂತುಕೊಂಡೇ ಮುಂದೆ ಹೋದೆ. ಒಂದು ಚಪ್ಪಲಿ ಜಡ್ಜ್ ಕಾಲ ಬಳಿ ಬಿತ್ತು. ಅವರು ವಯಸ್ಸಾದವರು, ಮರ್ಯಾದಸ್ಥರು. ಅದನ್ನು ನೋಡದವರ ಹಾಗೆ ನಿಂತರು.

ಬಟ್ಟೆ ಕೊಡವಿಕೊಂಡು ಗುಂಡನನ್ನು ಮತ್ತೆ ನಿಲ್ಲಿಸಿದೆ. ಜಡ್ಜ್ ಹಲ್ಲು ನೋಡಲು ಬಂದರು. ತುಟಿ ಸರಿಸಿದರು. ಗುಂಡ ಗುರ್ ಅನ್ನಲಿಲ್ಲ, ಮುಖ ತಿರುಗಿಸಲಿಲ್ಲ. ಆದರೆ ಹಲ್ಲು ಕಾಣಲಿಲ್ಲ. ಬಿಳೀ ಏನೋ ಕಂಡಿತು, ಅದು ಹಲ್ಲಲ್ಲ. ಜಡ್ಜ್ ನನ್ನ ಮುಖ ನೋಡಿದರು. ನಾನು ಎರಡು ಬೆರಳು ಹಾಕಿ ಎಳೆದೆ. ಬ್ಯಾಗ್ ಬಂತು. ಇನ್ನೂ ಬಂತು. ಜಾದೂಗಾರ ಬಾಯಿಂದ ರಿಬ್ಬನ್ ತೆಗೆಯುವ ಹಾಗೆ ಬರುತ್ತಲೇ ಇತ್ತು. ಕೊನೆಗೆ ಅದರ ಜೊತೆ ಒಂದು ಹುರಿದ ಹಸಿಮೆಣಸಿನಕಾಯಿಯೂ ಬಂತು. ಹಗ್ಗದ ಆಚೆಯಿಂದ ಗಂಡನ ದನಿ ಇಡೀ ಮೈದಾನಕ್ಕೆ ಕೇಳಿಸಿತು.

"ಮಹಾರಾಷ್ಟ್ರದಾಗ 2018ರಿಂದ ಕ್ಯಾರಿಬ್ಯಾಗ್ ಬಂದ್ ಐತಿ! ಅವಂಗ ಎಲ್ಲಾ ತಿಳೀತೈತಿ!"

ಮೂರರಲ್ಲಿ ಮೂರನೆಯವನು. ಓಟದಲ್ಲಿ ಒಳ್ಳೆ ಜೋರಿದೆ ಅಂದರು ಜಡ್ಜ್. ನನ್ನ ಬಗ್ಗೆ ಏನೂ ಅನ್ನಲಿಲ್ಲ.

ವಾಪಸ್ ಬರುವಾಗ ಸ್ವಾರಗೇಟ್ ಸಿಗ್ನಲ್‌ನಲ್ಲಿ ತುಂಬಾ ಹೊತ್ತು ನಿಂತೆವು. ಗುಂಡ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ. ಕನಸಿನಲ್ಲೂ ಓಡುತ್ತಿದ್ದ, ಪಾದಗಳು ಅಲುಗುತ್ತಿದ್ದವು. ಊರಿನಲ್ಲಿದ್ದಿದ್ದರೆ ಇವನಿಗೆ ಹೊಲದ ತುಂಬ ಜಾಗ ಇರುತ್ತಿತ್ತು. ಇಲ್ಲಿ ಎರಡು ಕಾರುಗಳ ನಡುವೆ ಒಂದು ತ್ರಿಕೋನ, ಅದಕ್ಕೂ ಬೋರ್ಡ್. ಇವರು ನೀರಿನ ಬಾಟಲಿಯನ್ನು ಇನ್ನೂ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದರು. ಮಗನ ಸ್ಕೂಲಿನ ಸ್ಪೋರ್ಟ್ಸ್ ಡೇ ದಿನವೂ ಹಗ್ಗದ ಆಚೆ ಹೀಗೇ ಬಾಟಲಿ ಹಿಡಿದು ನಿಲ್ಲುತ್ತಿದ್ದರು. ಅವನು ಈಗ ಜರ್ಮನಿಯಲ್ಲಿದ್ದಾನೆ. ವಿಡಿಯೋ ಕಾಲ್ ಮಾಡಿದರೆ ಮೊದಲು ಗುಂಡ ಎಲ್ಲಿ ಅನ್ನುತ್ತಾನೆ. ಗುಂಡನ ಜೊತೆ ಹತ್ತು ನಿಮಿಷ, ನಮ್ಮ ಜೊತೆ ಮೂರು. ಅವತ್ತು ಅವನೇ ಫೋನ್ ಮಾಡಿ ಏನಾಯ್ತು ಅಂತ ಕೇಳಿದ. ಇವರು "ಥರ್ಡ್ ಬಂದ" ಅಂದರು. ಎಷ್ಟರಲ್ಲಿ ಅಂತ ಅವನೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಮಷೀನ್ ಒರೆಸೋಣ ಅಂತ ಹೋದರೆ ಅದರ ಮುಂದೆ ಗುಂಡ. ನಾಲ್ಕೂ ಕಾಲು ಅಳೆದು ಇಟ್ಟ ಹಾಗೆ. ಕತ್ತು ಎತ್ತಿ, ಕಿವಿ ಹಿಂದಕ್ಕೆ, ಕಣ್ಣು ಮಷೀನಿನ ಗಾಜಿನ ಬಾಗಿಲ ಮೇಲೆ. ಉಸಿರು ಬಿಟ್ಟರೆ ಬೇರೇನೂ ಅಲುಗುತ್ತಿಲ್ಲ. ತುಟಿ ಸರಿಸಿ ಹಲ್ಲು ನೋಡಿದೆ, ನೋಡಿಸಿಕೊಂಡ. ಎರಡು ತಿಂಗಳು ಪಾರ್ಕಿಂಗ್‌ನಲ್ಲಿ ಬೆವರು ಸುರಿಸಿದರೂ ಬರದ ಸ್ಟ್ಯಾಕ್ ಅದು.

ಚಹಾದ ಲೋಟ ಹಿಡಿದು ಇವರೂ ಬಂದು ನಿಂತರು. ಈಗ ಏನು ಹೇಳುತ್ತಾರೆ ಅಂತ ನನಗೆ ಗೊತ್ತು, ಹಲ್ಲು ಕಚ್ಚಿ ಕಾದೆ. ಹೇಳಲಿಲ್ಲ. ಒಳಗೆ ಹೋಗಿ ಅಳತೆ ಟೇಪ್ ತಂದು ಮಷೀನಿನ ಅಗಲ ಹಿಡಿಯತೊಡಗಿದರು.

"ಯಾಕ್ರೀ?"

"ಮುಂದಿನ ಶೋಕ್ಕ ಟೆಂಪೋ ಹೇಳಬೇಕಲ್ಲ?"