ಸೆರೆಬ್ರಿಯಾಕೊವಾ ಬರೀ ಸಂತೋಷದ ಚಿತ್ರಕಾರ್ತಿಯೇ?

ರಷ್ಯಾದ ಚಿತ್ರಕಾರ್ತಿ ಜಿನೈದಾ ಸೆರೆಬ್ರಿಯಾಕೊವಾ ಕುರಿತ ನಿಮ್ಮ ಲೇಖನ ಓದಿದೆ. ಆಕೆ 'ಬದುಕಿನ ಸಂತೋಷವನ್ನಷ್ಟೇ ಬರೆದಾಕೆ' ಎಂಬ ಅದರಲ್ಲಿನ ಮಾತನ್ನು ಒಪ್ಪಲಾರೆ. ಕನ್ನಡಿ ಮುಂದೆ ತಲೆ ಬಾಚುತ್ತಾ ನಗುವ 1909ರ ಆ ಸ್ವಚಿತ್ರವೊಂದನ್ನೇ ನೋಡಿದರೆ ಹಾಗನ್ನಿಸೀತು. ಆದರೆ ಹತ್ತು ವರ್ಷ ಬಿಟ್ಟು, 1919ರಲ್ಲಿ ಬರೆದ 'ಇಸ್ಪೀಟೆಲೆಯ ಮನೆ' ಎದುರು ನಿಂತು ಈ ಮಾತು ಹೇಳಿ ನೋಡೋಣ! ಆಕೆಯ ನಾಲ್ಕು ಮಕ್ಕಳು ಎಲೆ ಜೋಡಿಸುತ್ತಿದ್ದಾರೆ, ಒಬ್ಬರ ಮುಖದಲ್ಲೂ ನಗುವಿಲ್ಲ. ಅದೇ ವರ್ಷ ಗಂಡ ಬೋರಿಸ್ ಟೈಫಸ್ ಜ್ವರಕ್ಕೆ ಬಲಿಯಾಗಿದ್ದ. ತೈಲವರ್ಣ ಕೊಳ್ಳಲೂ ಗತಿಯಿಲ್ಲದೆ ಆಕೆ ಇದ್ದಿಲು, ಪೆನ್ಸಿಲ್ ಹಿಡಿದ ಕಾಲ ಅದು.

ಇನ್ನು ಶೈಲಿ. 'ಹಳೆಯ ಕಾಲದ್ದು' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. 1917ರ 'ಬಟ್ಟೆ ಬಿಳುಪು ಮಾಡುವ ಹೆಂಗಸರು' ಚಿತ್ರದಲ್ಲಿ ದಿಗಂತವನ್ನು ಎಷ್ಟು ಕೆಳಗಿಳಿಸಿದ್ದಾಳೆ ಗಮನಿಸಿ. ಹೊಲದ ರೈತ ಹೆಂಗಸರು ಆಕಾಶದೆತ್ತರಕ್ಕೆ ನಿಂತುಬಿಡುತ್ತಾರೆ, ಇಟಲಿಯ ಚರ್ಚುಗಳ ಭಿತ್ತಿಚಿತ್ರದ ಸಂತರ ಹಾಗೆ. ಆಕಾರಗಳನ್ನು ಒಡೆದು ಕೋನ ಕೋನವಾಗಿ ಬರೆಯುವ ಆ ಕಾಲದ ಹೊಸ ಶೈಲಿ ಕ್ಯೂಬಿಸಂ ಹಿಂದೆ ಓಡದಿದ್ದುದು ಆಕೆಯ ಆಯ್ಕೆ. ಅದನ್ನು ಕೊರತೆ ಎಂದು ಯಾಕೆ ಎಣಿಸಬೇಕು?

1924ರಲ್ಲಿ ದುಡಿಮೆಗೆಂದು ಪ್ಯಾರಿಸ್ಸಿಗೆ ಹೋದವಳು ಮತ್ತೆ ತಾಯ್ನಾಡಿನಲ್ಲಿ ಬಾಳಲಿಲ್ಲ. ನಾಲ್ವರಲ್ಲಿ ಇಬ್ಬರು ಮಕ್ಕಳು ಮಾತ್ರ ಅವಳ ಬಳಿ ಬರಲು ಸಾಧ್ಯವಾಯಿತು. ಮಗಳು ತತಿಯಾನಾಳನ್ನು ಮತ್ತೆ ಕಂಡದ್ದು 1960ರಲ್ಲಿ, 36 ವರ್ಷಗಳ ನಂತರ. (ನನಗೂ ಮಗಳಿದ್ದಾಳೆ, ಈ ಲೆಕ್ಕ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.) ನಿಮ್ಮ ಲೇಖನದಲ್ಲಿ ಆಕೆಯ ಮೊರಾಕ್ಕೊ ಪ್ರವಾಸಕ್ಕೆ ಎರಡು ಪ್ಯಾರಾ ಇದೆ, ಮಕ್ಕಳಿಂದಾದ ಈ ಅಗಲಿಕೆಗೆ ಅರ್ಧ ಸಾಲೂ ಇಲ್ಲ.