ನಾಲ್ಕು ಪೆನ್ನಿ ಇಲ್ಲದವರು ನಡೆಯುತ್ತಿರಬೇಕು

ವಿಕ್ಟೋರಿಯಾ ರಾಣಿಯ ಲಂಡನ್ನಿನಲ್ಲಿ ಬಡವರಿಗೆ ನಿದ್ರೆ ನಿಷಿದ್ಧವಾಗಿತ್ತು ಎಂದು ಯಾರಾದರೂ ಹೇಳಿದರೆ ಅದನ್ನು ಅಪಪ್ರಚಾರವೆಂದೇ ತಿಳಿಯಬೇಕು. ನಿಷಿದ್ಧವಾಗಿದ್ದುದು ಹಣ ಕೊಡದೆ ಮಾಡುವ ನಿದ್ರೆ ಮಾತ್ರ. ನಗರದ ಪೂರ್ವ ಭಾಗದ ವೈಟ್‌ಚಾಪೆಲ್‌ನಲ್ಲಿ ದಿನಬಾಡಿಗೆಯ ವಸತಿಗೃಹಗಳಿಗೇನೂ ಕೊರತೆಯಿರಲಿಲ್ಲ. 1888ರಲ್ಲಿ ಪೊಲೀಸರೇ ಎಣಿಸಿ ಬರೆದಿಟ್ಟಂತೆ ಅಂಥವು 233 ಇದ್ದು, ಅವುಗಳಲ್ಲಿ ಸುಮಾರು 8,500 ಜನ ಮಲಗಬಹುದಿತ್ತು. ಒಂದು ಹಾಸಿಗೆಗೆ ರಾತ್ರಿಯೊಂದಕ್ಕೆ ನಾಲ್ಕು ಪೆನ್ನಿ. ಅದಿಲ್ಲದವರು ಬೀದಿಯಲ್ಲಿ ಮಲಗಿದರೆ 1824ರ ಅಲೆಮಾರಿತನದ ಕಾಯ್ದೆಯ ಪ್ರಕಾರ ಅಪರಾಧಿಗಳು. ಮಲಗದೆ ನಡೆಯುತ್ತಲೇ ಇದ್ದರೆ ಮಾತ್ರ ಗಸ್ತಿನ ಕಾನ್‌ಸ್ಟೆಬಲ್ ಸುಮ್ಮನಿರುತ್ತಿದ್ದ. ಹೀಗೆ ಸಾಮ್ರಾಜ್ಯದ ರಾಜಧಾನಿಯು, ಪ್ರಜೆಗಳ ಆರೋಗ್ಯದ ಮೇಲಿನ ಕಾಳಜಿಯಿಂದಲೋ ಏನೋ, ಕಡುಬಡವರಿಗೆ ರಾತ್ರಿಯಿಡೀ ವಾಯುವಿಹಾರವನ್ನು ಕಡ್ಡಾಯ ಮಾಡಿತ್ತು.

ಬೇರೆ ದಾರಿಯೇ ಇರಲಿಲ್ಲವೆಂದಲ್ಲ. ನೆಲೆಯಿಲ್ಲದವರಿಗೆಂದು, ಬಡವರನ್ನು ದುಡಿಸಿಕೊಂಡು ಆಶ್ರಯ ಕೊಡುವ ಸಾರ್ವಜನಿಕ ಗೃಹವಾದ ವರ್ಕ್‌ಹೌಸ್‌ನಲ್ಲಿ ಒಂದು ಭಾಗವನ್ನು ಮೀಸಲಿಟ್ಟಿದ್ದರು. ಅಲ್ಲಿ ತಂಗಿದ ಋಣಕ್ಕೆ ಕಲ್ಲು ಒಡೆಯಬೇಕು, ಇಲ್ಲವೇ ಡಾಂಬರು ಮೆತ್ತಿದ ಹಳೆಯ ಹಗ್ಗವನ್ನು ಬೆರಳಿನಿಂದ ಬಿಡಿಸಿ ನಾರು ಮಾಡಬೇಕು. 1882ರ ಕಾಯ್ದೆಯು ಇದಕ್ಕೆ ಇನ್ನೊಂದು ಸುಧಾರಣೆಯನ್ನು ಸೇರಿಸಿತು: ಸೋಮವಾರ ಸಂಜೆ ಒಳಗೆ ಹೋದವನನ್ನು ಬುಧವಾರ ಬೆಳಿಗ್ಗೆ ಒಂಬತ್ತರವರೆಗೆ ಹೊರಗೆ ಬಿಡುವಂತಿಲ್ಲ. ಹಡಗುಕಟ್ಟೆಯಲ್ಲಿ ದಿನಗೂಲಿಗಳನ್ನು ಆರಿಸುತ್ತಿದ್ದುದು ನಸುಕಿನಲ್ಲಿ. ಕೆಲಸವಿಲ್ಲದವನಿಗೆ ಆಶ್ರಯ ಕೊಟ್ಟು, ಆ ಆಶ್ರಯದಿಂದಲೇ ಅವನಿಗೆ ಕೆಲಸ ಸಿಗದಂತೆ ನೋಡಿಕೊಂಡು, ಅನಂತರ ಅವನನ್ನು ಸೋಮಾರಿಯೆಂದು ಕರೆಯುವ ಈ ಏರ್ಪಾಡಿನ ಮಿತವ್ಯಯವನ್ನು ಮೆಚ್ಚಲೇಬೇಕು.

1888ರ ಆಗಸ್ಟ್ 31ರಂದು, ನಡುರಾತ್ರಿ ಕಳೆದ ಮೇಲೆ, ಮೇರಿ ಆನ್ ನಿಕೋಲ್ಸ್ ಎಂಬಾಕೆಯನ್ನು ಥ್ರಾಲ್ ಬೀದಿಯ ವಸತಿಗೃಹದಿಂದ ಹೊರಗೆ ಕಳಿಸಿದರು. ಕೈಯಲ್ಲಿ ನಾಲ್ಕು ಪೆನ್ನಿ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಬಕ್ಸ್ ರೋ ಎಂಬಲ್ಲಿ ಆಕೆಯ ಕೊಲೆಯಾಯಿತು. ಎಂಟು ದಿನಗಳ ಬಳಿಕ ಆನಿ ಚಾಪ್‌ಮನ್ ಡಾರ್ಸೆಟ್ ಬೀದಿಯ ವಸತಿಗೃಹದಿಂದ ಅದೇ ಕಾರಣಕ್ಕೆ ಹೊರಬಿದ್ದು, ಅದೇ ಬಗೆಯಲ್ಲಿ ಸತ್ತಳು. ಸೆಪ್ಟೆಂಬರ್ 29ರ ಸಂಜೆ ಕುಡಿದು ಬಿದ್ದಿದ್ದ ಕ್ಯಾಥರೀನ್ ಎಡೋಸ್‌ಗೆ ಬಿಷಪ್ಸ್‌ಗೇಟ್ ಠಾಣೆಯಲ್ಲಿ ಖರ್ಚಿಲ್ಲದ ಆಶ್ರಯ ಸಿಕ್ಕಿತ್ತು. ಆದರೆ ನಶೆ ಇಳಿದವರಿಗೆ ಅಲ್ಲಿ ಸ್ಥಳವಿಲ್ಲವಾದ್ದರಿಂದ ರಾತ್ರಿ ಒಂದು ಗಂಟೆಗೆ ಬಿಟ್ಟುಬಿಟ್ಟರು, ಒಂದೂಮುಕ್ಕಾಲಿಗೆ ಮೈಟರ್ ಚೌಕದಲ್ಲಿ ಶವ ಸಿಕ್ಕಿತು. ಮೂವರ ಹಿಂದೆಯೂ ಮುಚ್ಚಿಕೊಂಡ ಬಾಗಿಲೊಂದಿತ್ತು. ಆಡಳಿತವು ಆ ಬಾಗಿಲುಗಳ ಗೊಡವೆಗೆ ಹೋಗದೆ ಜಾಕ್ ದ ರಿಪ್ಪರ್ ಎಂದು ಹೆಸರಾದ ಕೊಲೆಗಾರನನ್ನಷ್ಟೇ ಹುಡುಕಿತು. ಅವನೂ ಸಿಗಲಿಲ್ಲ.

ಹುಡುಕುವ ಹೊಣೆ ಸೈನ್ಯದಿಂದ ಬಂದಿದ್ದ ಮೆಟ್ರೊಪಾಲಿಟನ್ ಪೊಲೀಸ್ ಕಮಿಷನರ್ ಸರ್ ಚಾರ್ಲ್ಸ್ ವಾರೆನ್ ಅವರದು. ಹಿಂದಿನ ವರ್ಷದ ನವೆಂಬರ್ 13ರಂದು ಟ್ರಫಾಲ್ಗರ್ ಚೌಕಕ್ಕೆ ಬಂದ ಪ್ರತಿಭಟನಕಾರರನ್ನು ಪೊಲೀಸರ ಜೊತೆಗೆ ಸೈನಿಕರನ್ನೂ ಇಳಿಸಿ ಚದುರಿಸಿದ ಕೀರ್ತಿ ಅವರಿಗಿತ್ತು. ಹಸಿದವರು ಸಾವಿರಾರು ಸಂಖ್ಯೆಯಲ್ಲಿ ಹಾಡುಹಗಲೇ ಒಂದೆಡೆ ಸೇರಿದಾಗ ಅವರನ್ನು ಪತ್ತೆ ಹಚ್ಚುವುದು ಸುಲಭವಷ್ಟೇ. ಎಡೋಸ್ ಸತ್ತ ಮೈಟರ್ ಚೌಕವು ಲಂಡನ್ನಿನ ಹಳೆಯ ನಡುಭಾಗಕ್ಕೆ ಪ್ರತ್ಯೇಕವಾಗಿದ್ದ ಸಿಟಿ ಪೊಲೀಸರ ಸರಹದ್ದು, ಆಕೆಯ ಏಪ್ರನ್ನಿನ ತುಂಡು ಸಿಕ್ಕ ಗೌಲ್‌ಸ್ಟನ್ ಬೀದಿ ವಾರೆನ್ ಅವರದು. ತುಂಡಿನ ಮೇಲುಗಡೆ ಗೋಡೆಯಲ್ಲಿ ಯಹೂದಿಗಳ ಹೆಸರೆತ್ತಿದ ಸೀಮೆಸುಣ್ಣದ ಬರಹವೊಂದಿತ್ತು. ಸಿಟಿ ಪೊಲೀಸರು ಅದರ ಛಾಯಾಚಿತ್ರ ತೆಗೆಯಬೇಕೆಂದಿದ್ದರು. ಯಹೂದಿಗಳ ಮೇಲೆ ಗಲಭೆಯಾದೀತೆಂಬ ಭಯದಿಂದ ವಾರೆನ್ ಸ್ವತಃ ಬಂದು, ಕ್ಯಾಮೆರಾಕ್ಕೆ ಸಾಕಾಗುವಷ್ಟು ಬೆಳಕಾಗುವ ಮೊದಲೇ ಅಳಿಸಲು ಹೇಳಿದರು. ಭಯ ಸುಳ್ಳಾಗಿರಲಿಲ್ಲ, ಆದರೆ ಬಟ್ಟೆಯೊಂದನ್ನು ಅದರ ಮೇಲೆ ಇಳಿಬಿಡುವ ಉಪಾಯ ಯಾರಿಗೂ ಒಪ್ಪಿಗೆಯಾಗಲಿಲ್ಲ.

ಅಕ್ಟೋಬರಿನಲ್ಲಿ ಪತ್ತೇದಾರಿ ನಾಯಿಗಳು ಬಂದವು: ಬರ್ಗೊ ಮತ್ತು ಬಾರ್ನಬಿ. ಹೈಡ್ ಪಾರ್ಕಿನ ಹುಲ್ಲಿನ ಮೇಲೆ ಅವುಗಳ ಪರೀಕ್ಷೆ ನಡೆದಾಗ, ಓಡುವ ಅಪರಾಧಿಯ ಪಾತ್ರವನ್ನು ಕಮಿಷನರರೇ ವಹಿಸಿದರು. ಇಡೀ ತನಿಖೆಯಲ್ಲಿ ಯಾರನ್ನಾದರೂ ಅಟ್ಟಿಕೊಂಡು ಹೋಗಲು ಸಾಧ್ಯವಾದದ್ದು ಬಹುಶಃ ಆಗಲೇ.

ನವೆಂಬರ್ 8ರಂದು ವಾರೆನ್ ಅವರ ರಾಜೀನಾಮೆ ಸಲ್ಲಿಕೆಯಾಯಿತು. ಕೊಲೆಗಾರ ಸಿಗದ ಕಾರಣಕ್ಕಲ್ಲ. ಅನುಮತಿ ಪಡೆಯದೆ ನಿಯತಕಾಲಿಕವೊಂದಕ್ಕೆ ಪೊಲೀಸ್ ಇಲಾಖೆಯ ಬಗ್ಗೆ ಲೇಖನ ಬರೆದದ್ದನ್ನು ಗೃಹ ಸಚಿವಾಲಯ ಆಕ್ಷೇಪಿಸಿದ್ದಕ್ಕೆ. ಮರುದಿನ ಬೆಳಿಗ್ಗೆ ಡಾರ್ಸೆಟ್ ಬೀದಿಗೆ ಹೊಂದಿಕೊಂಡ ಮಿಲ್ಲರ್ಸ್ ಕೋರ್ಟ್‌ನ ಕೋಣೆಯೊಂದರಲ್ಲಿ ಮೇರಿ ಕೆಲ್ಲಿಯ ಶವವನ್ನು ಕಿಟಕಿಯಿಂದ ಮೊದಲು ಕಂಡವನು, ಬಾಕಿಯಿದ್ದ ಬಾಡಿಗೆಯನ್ನು ವಸೂಲಿ ಮಾಡಲು ಬಂದ ಮಾಲೀಕನ ಆಳು. ಪೊಲೀಸರು ಬಂದರು, ಬಾಗಿಲು ತೆರೆಯಲಿಲ್ಲ. ನಾಯಿಗಳು ಬರುತ್ತಿವೆಯೆಂದು ಎರಡು ಗಂಟೆಗೂ ಹೆಚ್ಚು ಹೊತ್ತು ಹೊರಗೇ ಕಾದರು. ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ನಾಯಿಗಳನ್ನು ಕರೆತರುವ ಆದೇಶ ರದ್ದಾಗಿದೆ ಎಂಬ ಸುದ್ದಿ ತಲುಪಿದ ಮೇಲೆ, ಮಾಲೀಕನೇ ಪಿಕಾಸಿಯಿಂದ ಬಾಗಿಲು ಮೀಟಿದ.

ಬಕ್ಸ್ ರೋ 1892ರಲ್ಲಿ ಡರ್ವರ್ಡ್ ಬೀದಿಯಾಯಿತು, ಡಾರ್ಸೆಟ್ ಬೀದಿ 1904ರಲ್ಲಿ ಡುವಾಲ್ ಬೀದಿಯಾಯಿತು. ಈ ಕಡತದಲ್ಲಿ ಅಧಿಕಾರಿಗಳು ಕೈಗೆತ್ತಿಕೊಂಡು ಪೂರ್ತಿ ಮುಗಿಸಿದ ಕೆಲಸ ಇದೊಂದೇ ಇರಬೇಕು.